ದಾರದ ಚಿತ್ರಕ್ಕೆ ಸಹಿ ಯಾರದು?

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಹೊಯ್ಸಳರ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಹೊರಗೋಡೆಯನ್ನು ಇಬ್ಬರು ಶಿಲ್ಪಿಗಳು ಹಂಚಿಕೊಂಡಂತೆ ಕಾಣುತ್ತದೆ. ಉತ್ತರದ ಕಡೆಯ ಮೂರ್ತಿಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರಿದೆ, ದಕ್ಷಿಣದ ಕಡೆ ಬೈಚೋಜನ ಹೆಸರಿದೆ. ಇದೇ ಮಲ್ಲಿತಮ್ಮನ ಹೆಸರು 1268ರ ಸೋಮನಾಥಪುರದಲ್ಲೂ ಸಿಗುತ್ತದೆ. ಅದಕ್ಕೂ ಹಿಂದೆ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ. ಕೆಲವರಂತೂ ಊರು, ತಂದೆ, ಬಿರುದು ಎಲ್ಲವನ್ನೂ ಸೇರಿಸಿದ್ದಾರೆ. ಭಾರತೀಯ ಕಲೆ ಎಂದರೆ ಹೆಸರಿಲ್ಲದವರ ಕಲೆ ಎಂಬ ಮಾತನ್ನು ಹಾಸನ ಜಿಲ್ಲೆಯ ಕಲ್ಲುಗಳು ಎಂದೋ ಸುಳ್ಳು ಮಾಡಿವೆ.

ಕಲ್ಲಿಗೆ ಸಿಕ್ಕ ಈ ಭಾಗ್ಯ ಬಟ್ಟೆಗೆ ಸಿಗಲಿಲ್ಲ. ಬಟ್ಟೆ ಹರಿಯುತ್ತದೆ, ನುಸಿ ತಿನ್ನುತ್ತದೆ, ಉಟ್ಟು ಉಟ್ಟು ಸವೆಯುತ್ತದೆ. ಅದು ಒಂದು ಕಾರಣ. ಆದರೆ ಉಳಿದ ಬಟ್ಟೆಗಳ ಮೇಲೂ ಹೆಸರಿಲ್ಲ. ಸೂಜಿ ಹಿಡಿದವರಲ್ಲಿ ಹೆಚ್ಚಿನವರು ಮನೆಯೊಳಗಿನ ಹೆಂಗಸರು. ಮಗಳ ಮದುವೆಗೆ, ಬಸುರಿಯ ಸೀಮಂತಕ್ಕೆ, ತೊಟ್ಟಿಲ ಕೂಸಿಗೆ ಹೊಲಿದ ಬಟ್ಟೆಗೆ ಸಹಿ ಹಾಕಬೇಕೆಂದು ಯಾರಿಗೆ ತೋಚೀತು? ಈ ಬಟ್ಟೆ ಮನೆಯೊಳಗೇ ಇದ್ದಷ್ಟು ಕಾಲ ಸಹಿಯ ಪ್ರಶ್ನೆಯೂ ಏಳಲಿಲ್ಲ. ಕಳೆದ ಮೂರು ನಾಲ್ಕು ದಶಕಗಳಲ್ಲಿ ಸೂಜಿ ದಾರಗಳು ಕಲಾ ಗ್ಯಾಲರಿಯ ಗೋಡೆ ಏರಿದ ಮೇಲೆ ಮಾತ್ರ ಅದು ಎದ್ದಿದೆ. ಗ್ಯಾಲರಿಯಲ್ಲಿ ಕೃತಿಯ ಬೆಲೆ ನಿಂತಿರುವುದೇ ಸಹಿಯ ಮೇಲೆ.

ಮೊದಲು ಕಸೂತಿ ಎಂಬ ಮಾತನ್ನೇ ನೋಡೋಣ. ಹಾಸನ, ಕಟ್ಟಾಯ, ಹೊಳೆನರಸೀಪುರ, ಅರಕಲಗೂಡಿನ ಕಡೆ ಕಸೂತಿ ಎಂದರೆ ಬಟ್ಟೆಯ ಮೇಲೆ ದಾರದಲ್ಲಿ ತೆಗೆದ ಯಾವುದೇ ಹೂ ಬಳ್ಳಿ. ದಿಂಬಿನ ಚೀಲದ ಮೇಲಿನ ಗುಲಾಬಿಯೂ ಕಸೂತಿಯೇ, ಯಂತ್ರದಲ್ಲಿ ತೆಗೆದ ಕುಪ್ಪಸದ ಅಂಚೂ ಕಸೂತಿಯೇ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಡೆ ಹೋದರೆ ಅದೇ ಶಬ್ದ ಒಂದು ನಿರ್ದಿಷ್ಟ ವಿದ್ಯೆಯ ಹೆಸರು. ಕೈ ಮತ್ತು ಸೂತಿ, ಅಂದರೆ ಕೈ ಮತ್ತು ನೂಲು, ಎರಡೂ ಕೂಡಿ ಕಸೂತಿಯಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಚಾಲುಕ್ಯರ ಕಾಲದಿಂದಲೂ ಇದೆಯೆಂಬ ಮಾತೂ ಉಂಟು. ಅದಕ್ಕೆ ಬಟ್ಟೆಯ ಸಾಕ್ಷಿ ಕೇಳಿದರೆ ಕಷ್ಟ.

ಈ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳು: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿ ಎಂದರೆ ಹೋಗಿ ಬರುವ ಹೊಲಿಗೆ. ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಬಿಡುತ್ತ ಹೋಗುತ್ತದೆ. ಮರಳಿ ಬರುವಾಗ ಖಾಲಿ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಮುರಗಿ ಅದೇ ಜಾತಿಯದು, ಮೆಟ್ಟಿಲು ಮೆಟ್ಟಿಲಾಗಿ ಮುರಿದುಕೊಂಡು ಏರುವಂಥದು. ನೇಗಿ ನೇಯ್ಗೆಯನ್ನೇ ಹೋಲುತ್ತದೆ. ದೂರದಿಂದ ನೋಡಿದವರಿಗೆ ಮಗ್ಗದಲ್ಲೇ ಬಂದ ಚಿತ್ತಾರವೆನ್ನಿಸಬೇಕು. ಮೆಂತಿ ಕತ್ತರಿಯಾಕಾರದ ಹೊಲಿಗೆ, ಮೆಂತ್ಯದ ಕಾಳಿನ ನೆನಪು ಅದರ ಹೆಸರಿನಲ್ಲೇ ಇದೆ. ಈ ನಾಲ್ಕರಲ್ಲೇ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ಗಿಳಿ, ಶಂಖ, ತೊಟ್ಟಿಲು ಎಲ್ಲವೂ ಮೂಡಬೇಕು. ಇಳಕಲ್ ಸೀರೆಯ ಸೆರಗಿನ ಹತ್ತಿರ ದೊಡ್ಡ ಚಿತ್ತಾರಗಳು. ಅಲ್ಲಿಂದ ಮೈಯ ಕಡೆಗೆ ಸರಿದಂತೆ ಅವು ಸಣ್ಣದಾಗುತ್ತವೆ. ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಹಸಿರು, ಬಿಳಿ ದಾರಗಳು ಎದ್ದು ಕಾಣುವ ಬಗೆಯನ್ನು ನೋಡಿಯೇ ತಿಳಿಯಬೇಕು.

ಎರಡು ಕಟ್ಟುಪಾಡುಗಳು ಈ ವಿದ್ಯೆಯನ್ನು ಬೇರೆ ಕಸೂತಿಗಳಿಂದ ಪ್ರತ್ಯೇಕಿಸುತ್ತವೆ. ಮೊದಲನೆಯದು, ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಮೇಲ್ಮೈ ಹೇಗೋ ಹಿಂಬದಿಯೂ ಹಾಗೆಯೇ ಇರಬೇಕು. ಎರಡನೆಯದು, ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ಬಟ್ಟೆಯ ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಗೋಪುರ ಓರೆ.

ಇದು ಎಷ್ಟು ಕಷ್ಟದ್ದೆಂದು ತಿಳಿಯಬೇಕಾದರೆ ಚುಕ್ಕಿ ಸುತ್ತಿ ಬರುವ ಎಳೆ ರಂಗೋಲಿಯನ್ನು ನೆನೆಯಬಹುದು. ಅಲ್ಲಿ ಕೈಯೆತ್ತದೆ ಎಳೆದ ಗೆರೆ ಹೊರಟಲ್ಲಿಗೇ ಬಂದು ಸೇರಬೇಕು. ಗವಂತಿಯ ಸೂಜಿಗೂ ಅದೇ ಪ್ರಯಾಣ. ತೇರಿನ ಚಕ್ರ, ಕಳಶ, ಬಾವುಟ ಎಲ್ಲವನ್ನೂ ಸುತ್ತಿ, ಪ್ರತಿ ಗೆರೆಯನ್ನು ಎರಡು ಸಲ ನಡೆದು, ಹೊರಟ ಜಾಗಕ್ಕೆ ಮರಳಬೇಕು. ಕವಲೊಡೆದಲ್ಲಿ ಯಾವ ಕವಲಿಗೆ ಮೊದಲು ಹೋಗಬೇಕೆಂಬುದು ಮುಂಚೆಯೇ ತಲೆಯಲ್ಲಿರಬೇಕು. ದಾರಿ ತಪ್ಪಿದರೆ ಹಿಂಬದಿಯಲ್ಲಿ ಅಡ್ಡಾದಿಡ್ಡಿ ದಾರ ಕಂಡು ಗುಟ್ಟು ರಟ್ಟಾಗುತ್ತದೆ. ಅಂಗಡಿಯಲ್ಲಿ ಯಂತ್ರದ ಕಸೂತಿಯನ್ನು ಕೈಯದೆಂದು ಮಾರುವವರಿದ್ದಾರೆ. ಅಂಥ ಸೀರೆಯನ್ನು ಮಗುಚಿ ನೋಡಿದರೆ ಸಾಕು. ಯಂತ್ರಕ್ಕೆ ಮೇಲೊಂದು, ಕೆಳಗೊಂದು ಎರಡು ದಾರ ಬೇಕು. ಅದರ ಎರಡು ಮುಖಗಳು ಒಂದೇ ಆಗಿರುವುದಿಲ್ಲ.

ಗೆರೆ ಎಳೆಯದೆ ಹೊಲಿಯುವುದು ಬರಿಯ ಕೌಶಲದ ಸಂಗತಿಯಲ್ಲ. ಹಿಮಾಚಲದ ಚಂಬಾ ರುಮಾಲನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅದರ ಅರ್ಥ ಹೊಳೆಯುತ್ತದೆ. ಚಂಬಾ ರುಮಾಲೂ ಎರಡು ಮುಖದ ಕಸೂತಿಯೇ. ಆದರೆ ಅಲ್ಲಿ ಪಹಾಡಿ ಕಿರುಚಿತ್ರಗಳನ್ನು ಬರೆಯುತ್ತಿದ್ದ ಚಿತ್ರಗಾರರು ಬಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಬರೆದುಕೊಡುತ್ತಿದ್ದರು. ಹೆಂಗಸರು ರೇಷ್ಮೆ ದಾರದಿಂದ ತುಂಬುತ್ತಿದ್ದರು. ಕುರುಕ್ಷೇತ್ರ ಯುದ್ಧದ ಕಸೂತಿಯಿರುವ ಚಂಬಾದ ಬಟ್ಟೆಯೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ಬರೆಯುವವನು ಒಬ್ಬ, ಹೊಲಿಯುವವಳು ಒಬ್ಬಳು ಎಂಬ ವಿಂಗಡಣೆ ಹೊಸದಲ್ಲ. ಧಾರವಾಡದ ಕಸೂತಿಯಲ್ಲಿ ಈ ವಿಂಗಡಣೆಗೆ ಜಾಗವೇ ಇಲ್ಲ. ಅಲ್ಲಿ ಹೊಲಿಯುವವಳೇ ಬರೆಯುವವಳು.

ಸ್ವಾತಂತ್ರ್ಯಾನಂತರದ ನಮ್ಮ ಸಂಸ್ಥೆಗಳು ಮಾತ್ರ ವಿಂಗಡಣೆಯನ್ನೇ ಗಟ್ಟಿ ಮಾಡಿದವು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಬಂತು. ಅದರ ಹೊಣೆ ಹೊತ್ತವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಎರಡೇ ವರ್ಷಕ್ಕೆ, 1954ರಲ್ಲಿ, ಲಲಿತ ಕಲಾ ಅಕಾಡೆಮಿ ಬಂತು. ಚಿತ್ರ, ಶಿಲ್ಪ ಒಂದು ಕಚೇರಿಗೆ. ಮಡಕೆ, ಬುಟ್ಟಿ, ಕಸೂತಿ ಇನ್ನೊಂದು ಕಚೇರಿಗೆ. ಕಮಲಾದೇವಿಯವರ ದುಡಿಮೆ ಇಲ್ಲದಿದ್ದರೆ ಎಷ್ಟೋ ಕಸುಬುಗಳು ಆ ಹೊತ್ತಿಗೇ ಕಣ್ಮರೆಯಾಗುತ್ತಿದ್ದವು ಎಂಬುದರಲ್ಲಿ ಎರಡು ಮಾತಿಲ್ಲ; ಭಾರತದ ಕಸೂತಿಗಳ ಬಗ್ಗೆಯೇ ಅವರು ಒಂದು ಪುಸ್ತಕ ಬರೆದರು. 1965ರಿಂದ ಕುಶಲಕರ್ಮಿಗಳಿಗೆ ಹೆಸರು ಹಿಡಿದು ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿಯೂ ಬಂತು. ಆದರೂ ಚಿತ್ರಕಾರನ ಕೃತಿಗೆ ಗ್ಯಾಲರಿ, ಕಸೂತಿಯವಳ ಕೃತಿಗೆ ಎಂಪೋರಿಯಂ ಎಂಬ ಹಾದಿ ಬದಲಾಗಲಿಲ್ಲ. ಒಂದು ಕಡೆ ಕೃತಿಗೆ ಬೆಲೆ, ಇನ್ನೊಂದು ಕಡೆ ಕೂಲಿ.

ಈ ಗೋಡೆಯನ್ನು ಒಪ್ಪದವರು ಕಲಾಶಾಲೆಗಳಲ್ಲೂ ಇದ್ದರು. ಮುಖ್ಯವಾಗಿ ಹೇಳಬೇಕಾದ ಹೆಸರು ಕೆ.ಜಿ. ಸುಬ್ರಮಣ್ಯನ್ ಅವರದು. ಬರೋಡಾದಲ್ಲೂ ಶಾಂತಿನಿಕೇತನದಲ್ಲೂ ಪಾಠ ಹೇಳಿದ ಅವರು ನಡುವೆ ಕೈಮಗ್ಗ ಮಂಡಲಿಯಲ್ಲೂ ಕೆಲಸ ಮಾಡಿದ್ದರು. ಕಸುಬು ಮತ್ತು ಕಲೆ ಒಂದೇ ಬಳ್ಳಿಯ ಎರಡು ಕುಡಿ ಎಂಬುದು ಅವರ ನಿಲುವು. ದೆಹಲಿಯ ನೇಕಾರರ ಸೇವಾ ಕೇಂದ್ರದಲ್ಲಿ ಕೆಲಸ ಮಾಡಿದ ಅರ್ಪಿತಾ ಸಿಂಗ್ ಅವರ ವರ್ಣಚಿತ್ರಗಳಲ್ಲಿ ಬಂಗಾಳದ ಕಾಂಥಾ ಹೊಲಿಗೆಯ ನೆನಪು ಎದ್ದು ಕಾಣುವುದನ್ನು ವಿಮರ್ಶಕರು ಗುರುತಿಸಿದ್ದಾರೆ. ಹೊರದೇಶಗಳಲ್ಲೂ ಗಾಳಿ ಬದಲಾಗಿತ್ತು. ಅಮೆರಿಕದ ಜೂಡಿ ಶಿಕಾಗೊ 1974ರಿಂದ 1979ರವರೆಗೆ ದುಡಿದು ‘ಡಿನ್ನರ್ ಪಾರ್ಟಿ’ ಎಂಬ ಬೃಹತ್ ಕೃತಿಯನ್ನು ನಿರ್ಮಿಸಿದರು. ಚರಿತ್ರೆ ಮರೆತ ಹೆಂಗಸರಿಗೆ ಹಾಕಿದ ಊಟದ ಮೇಜು ಅದು. ಪ್ರತಿ ತಟ್ಟೆಯ ಕೆಳಗೂ ಕಸೂತಿಯ ಹಾಸು. ಜೊತೆಗೆ ದುಡಿದವರ ಹೆಸರುಗಳಿಗೇ ಪ್ರತ್ಯೇಕ ಫಲಕಗಳನ್ನು ಮಾಡಿದ್ದು ಆ ಕೃತಿಯ ವಿಶೇಷ. 1984ರಲ್ಲಿ ಇಂಗ್ಲೆಂಡಿನ ರೊಸಿಕಾ ಪಾರ್ಕರ್ ಪುಸ್ತಕವೊಂದನ್ನು ಬರೆದು, ಕಸೂತಿ ಹೆಣ್ಣನ್ನು ಮನೆಯೊಳಗೆ ಕೂರಿಸುವ ಸಾಧನವೂ ಆಗಿತ್ತು, ಆಕೆ ತನ್ನ ಮಾತು ಹೇಳುವ ಸಾಧನವೂ ಆಗಿತ್ತು ಎಂದು ತೋರಿಸಿದರು.

ನಮ್ಮಲ್ಲಿ ಸೂಜಿಯನ್ನು ಬೇರೆಯೇ ರೀತಿಯಲ್ಲಿ ಕಣ್ಣಮುಂದೆ ತಂದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ ಸುಬ್ರಮಣ್ಯನ್ ಅವರ ಬಳಿ, ಮತ್ತೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತವರು. 1990ರ ದಶಕದ ಆರಂಭದಲ್ಲಿ ಬಣ್ಣದ ಕುಂಚ ಬಿಟ್ಟು ಸೆಗಣಿಯನ್ನು ಕೈಗೆತ್ತಿಕೊಂಡಾಗ ಹಲವರು ಹುಬ್ಬೇರಿಸಿದ್ದರು. 1998ರಲ್ಲಿ ಅವರು ಮಾಡಿದ ಕೃತಿಯ ಹೆಸರನ್ನು ಕನ್ನಡದಲ್ಲಿ ‘ಅವನಿಗೆ ನನ್ನ ನೋವನ್ನು ಹೇಳು’ ಎನ್ನಬಹುದು. ಅದರಲ್ಲಿ ಬಟ್ಟೆಯಿಲ್ಲ, ಹೂ ಬಳ್ಳಿಯಿಲ್ಲ. ಸೂಜಿಯ ಕಣ್ಣಿನೊಳಗೆ ನೂರು ಮೀಟರಿಗೂ ಮೀರಿದ ಉದ್ದದ ದಾರವನ್ನು ಎಳೆದೆಳೆದು ಪೋಣಿಸಿ, ಅಂಥ ಎಷ್ಟೋ ದಾರಗಳನ್ನು ಒಟ್ಟಿಗೆ ಸೇರಿಸಿ, ಅಂಟು ಮತ್ತು ಕುಂಕುಮ ಬಳಿದು ಹಗ್ಗ ಮಾಡಿದ್ದಾರೆ. ಆ ಕೆಂಪು ಹಗ್ಗ ಗೋಡೆ ಹತ್ತಿ, ನೆಲಕ್ಕೆ ಬಿದ್ದು, ಸುರುಳಿ ಸುತ್ತಿ ಕೋಣೆಯನ್ನೆಲ್ಲ ಆವರಿಸುತ್ತದೆ. ಕರುಳೋ, ಹೊಕ್ಕುಳಬಳ್ಳಿಯೋ, ತಾಳಿಯ ದಾರವೋ? ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಹಾಗೆಯೇ ನೇತಾಡುತ್ತವೆ. ಕಸೂತಿಯಲ್ಲಿ ಕೆಲಸ ಮುಗಿದ ಮೇಲೆ ಸೂಜಿಯನ್ನು ತೆಗೆದಿಡುತ್ತಾರೆ, ಶ್ರಮ ಮರೆಯಾಗಿ ಅಂದ ಉಳಿಯುತ್ತದೆ. ಶೀಲಾ ಗೌಡರು ಅಂದವನ್ನು ತೆಗೆದಿಟ್ಟು ಶ್ರಮವನ್ನು ಉಳಿಸಿದರು. ಇದನ್ನು ಕಸೂತಿ ಎನ್ನಲು ಧಾರವಾಡದ ಅಜ್ಜಿ ಒಪ್ಪಲಾರಳು. ಆದರೆ ಒಂದು ದಾರವನ್ನು ಸೂಜಿಯಲ್ಲಿ ಸಾವಿರ ಸಲ ಎಳೆಯುವುದೆಂದರೇನು ಎಂಬುದು ಅವಳಿಗೆ ಗೊತ್ತಿದ್ದಷ್ಟು ಯಾವ ವಿಮರ್ಶಕನಿಗೂ ಗೊತ್ತಿರಲಿಕ್ಕಿಲ್ಲ.

ಇಲ್ಲಿ ಕಲಾವಿದೆಯದೇ ಯೋಚನೆ, ಕಲಾವಿದೆಯದೇ ದುಡಿಮೆ. ಸಹಿಯ ಬಗ್ಗೆ ತಕರಾರಿಲ್ಲ. ತಕರಾರು ಏಳುವುದು ಯೋಚನೆ ಒಬ್ಬರದು, ಸೂಜಿ ಇನ್ನೊಬ್ಬರದು ಆದಾಗ. ಇಟಲಿಯ ಅಲಿಘಿಯೆರೊ ಬೊಯೆಟ್ಟಿ 1971ರಿಂದ ಆಫ್ಘಾನಿಸ್ತಾನದ ಹೆಂಗಸರಿಂದ ಪ್ರಪಂಚದ ಭೂಪಟಗಳನ್ನು ಕಸೂತಿಯಲ್ಲಿ ಮಾಡಿಸಿದ. ಪ್ರತಿ ದೇಶವೂ ಅದರ ಬಾವುಟದ ಬಣ್ಣದಲ್ಲಿ. ಕಡಲಿನ ನೀಲಿ ಎಲ್ಲರಿಗೂ ಗೊತ್ತಿದ್ದದ್ದೇ ಎಂದು ಅವನು ಭಾವಿಸಿದ್ದನೇನೋ. ಕಡಲನ್ನೇ ಕಾಣದ ನಾಡಿನಿಂದ ಒಮ್ಮೆ ಗುಲಾಬಿ ಬಣ್ಣದ ಸಮುದ್ರ ಹೊಲಿದು ಬಂತು. ಕೈಗೆ ಹೇರಳವಾಗಿ ಸಿಕ್ಕಿದ್ದು ಆ ದಾರ. ಬೊಯೆಟ್ಟಿ ಹಿಗ್ಗಿಹೋದ, ಮುಂದೆ ಕಡಲಿನ ಬಣ್ಣವನ್ನು ಅವರಿಗೇ ಬಿಟ್ಟ. ಇಂದು ಆ ಪಟಗಳು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಹೆಸರು ಬೊಯೆಟ್ಟಿಯದು. ಗುಲಾಬಿ ಕಡಲನ್ನು ಕಂಡವಳ ಹೆಸರು ಯಾರಿಗೂ ಗೊತ್ತಿಲ್ಲ.

ಹತ್ತಿರದ ಉದಾಹರಣೆ ಮುಂಬಯಿಯದು. ಕರಿಷ್ಮಾ ಸ್ವಾಲಿ ಮುನ್ನಡೆಸುತ್ತಿರುವ ಚಾಣಕ್ಯ ಕರಕುಶಲ ಶಾಲೆ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತದೆ. ಮುಂಬಯಿಯ ಜರ್ದೋಸಿ, ಆರಿ ಕಸೂತಿಯ ಕಾರ್ಖಾನೆಗಳಲ್ಲಿ ಸೂಜಿ ಹಿಡಿದವರು ಬಹುಪಾಲು ಉತ್ತರ ಪ್ರದೇಶ, ಬಿಹಾರ, ಬಂಗಾಳಗಳಿಂದ ಬಂದ ಗಂಡಸರು ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಪ್ಯಾರಿಸ್ಸಿನ ಡಿಯೊರ್ ಸಂಸ್ಥೆ 2022ರ ಜನವರಿಯಲ್ಲಿ ನಡೆಸಿದ ಉಡುಪು ಪ್ರದರ್ಶನಕ್ಕೆ ಮನು ಪಾರೇಖ್ ಮತ್ತು ಮಾಧ್ವಿ ಪಾರೇಖ್ ದಂಪತಿಯ ಚಿತ್ರಗಳನ್ನು ಚಾಣಕ್ಯದವರು ಗೋಡೆಯಗಲ ಕಸೂತಿ ಮಾಡಿಕೊಟ್ಟರು. 2024ರಲ್ಲಿ ವೆನಿಸ್ಸಿನಲ್ಲಿ ‘ಕಾಸ್ಮಿಕ್ ಗಾರ್ಡನ್’ ಎಂಬ ಪ್ರದರ್ಶನವೂ ಆಯಿತು. ಅಲ್ಲಿ ಚಿತ್ರಕಾರರ ಜೊತೆಗೆ ಕರಕುಶಲ ಶಾಲೆಯ ಹೆಸರೂ ಬಂತು. ಇದು ಸಣ್ಣ ಬದಲಾವಣೆಯೇನಲ್ಲ. ಆದರೆ ಶಾಲೆಯ ಹೆಸರಿನ ಹಿಂದಿರುವ ನೂರಾರು ಕೈಗಳು ನೋಡುಗನಿಗೆ ನೂರಾರು ಕೈಗಳಾಗಿಯೇ ಉಳಿಯುತ್ತವೆ.

ಇದಕ್ಕೆ ಸಮಜಾಯಿಷಿ ಇಲ್ಲದಿಲ್ಲ. ಕಂಚಿನ ಶಿಲ್ಪವನ್ನು ಎರಕ ಹೊಯ್ಯುವವನು ಬೇರೆ, ಅವನ ಹೆಸರನ್ನು ಯಾರು ಕೇಳುತ್ತಾರೆ ಎನ್ನಬಹುದು. ಹೋಲಿಕೆ ಅರ್ಧ ಮಾತ್ರ ಸರಿ. ಎರಕದವನ ಗೆಲುವಿರುವುದು ಅಚ್ಚಿನಲ್ಲಿದ್ದುದನ್ನು ಹಾಗೆಯೇ ಕೊಡುವುದರಲ್ಲಿ. ಬಣ್ಣದ ಚಿತ್ರವೊಂದನ್ನು ದಾರಕ್ಕೆ ತರುವವಳು ಹಾಗೆಯೇ ಕೊಡಲಾರಳು. ಕುಂಚದ ಒಂದು ಬೀಸಿಗೆ ಯಾವ ಹೊಲಿಗೆ, ದಾರದ ಎಷ್ಟು ಎಳೆ, ಯಾವ ದಿಕ್ಕಿಗೆ ಎಂಬುದನ್ನು ಅವಳೇ ತೀರ್ಮಾನಿಸಬೇಕು. ದಿಕ್ಕು ಬದಲಾದರೆ ರೇಷ್ಮೆಯ ಹೊಳಪೇ ಬದಲಾಗುತ್ತದೆ. ಈ ತೀರ್ಮಾನಗಳ ಮೊತ್ತವನ್ನು ಬರಿಯ ಕೂಲಿ ಎನ್ನುವುದು ನ್ಯಾಯವಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ ಯಾರಿಗೆ ತಾನೇ ಗೊತ್ತಿಲ್ಲ? ಕನ್ನಡಿ ಬಿಲ್ಲೆ, ಕವಡೆ, ನಾಣ್ಯ, ಮಣಿ ಪೋಣಿಸಿದ ಕಾಂಚಳಿ, ಪೇಟಿಯಾಗಳು ತಾಂಡಾದ ಹೆಂಗಸರ ಉಡುಪೂ ಹೌದು, ಆಸ್ತಿಯೂ ಹೌದು. ಕಿಲಣ, ವೇಲೆ, ಮಾಕಿ, ರೇಲೊ ಎಂದು ಅವರ ಹೊಲಿಗೆಗಳಿಗೆ ಅವರದೇ ಹೆಸರುಗಳಿವೆ. 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಈ ಹೊಲಿಗೆಗೆ ಮಾರುಕಟ್ಟೆ ಒದಗಿಸಿತು. ತಾಂಡಾದ ಹೆಂಗಸರು ಮನೆಯಲ್ಲೇ ಕೂತು ಸಂಪಾದಿಸುವಂತಾಯಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತು. ಧಾರವಾಡದ ಕಡೆಯ ಕಸೂತಿಗೂ ಆ ಗುರುತಿದೆ, ಅದರ ನೋಂದಣಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ.

ಭೌಗೋಳಿಕ ಗುರುತು ಎಂದರೇನೆಂದು ಸ್ವಲ್ಪ ನೋಡಬೇಕು. ಡಾರ್ಜಿಲಿಂಗ್ ಚಹಾ, ಮೈಸೂರು ರೇಷ್ಮೆಗಳಂತೆ, ಒಂದು ಊರಿಗೋ ಸೀಮೆಗೋ ಸೇರಿದ ವಸ್ತುವನ್ನು ಬೇರೆಯವರು ಅದೇ ಹೆಸರಿನಲ್ಲಿ ಮಾರದಂತೆ ಕಾಯುವ ಕಾನೂನು ಅದು. ಹೊರಗಿನ ನಕಲಿಗೆ ತಡೆ ಒಡ್ಡಲು ಬೇಕೇ ಬೇಕು. ಆದರೆ ಅದು ಹೆಸರು ಕೊಡುವುದು ಊರಿಗೆ, ಒಬ್ಬೊಬ್ಬಳಿಗೆ ಅಲ್ಲ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಪತ್ರಿಕೆಗಳೆಲ್ಲ ಸುದ್ದಿ ಬರೆದವು. ಸುದ್ದಿಯಲ್ಲಿ ಎದ್ದು ಕಂಡದ್ದು ಎರಡು ಅಂಕಿಗಳು. ಹಿಂದೆ ಆ ಹೆಂಗಸರ ಹೊಲಿಗೆಗೆ ಅಂಕಿಯೂ ಇರಲಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರು ಪಟ್ಟುಕೊಳ್ಳಬಹುದು.

ಬೇರೆ ದಾರಿ ಇಲ್ಲವೆಂದಲ್ಲ. ಕೋಲ್ಕತ್ತದ ಗುರುಸದಯ ದತ್ತ ಸಂಗ್ರಹದಲ್ಲಿ ಮಾನದಾಸುಂದರಿ ದಾಸಿ ಎಂಬಾಕೆ ತಂದೆಗಾಗಿ ಹೊಲಿದ ಕಾಂಥಾ ಒಂದಿದೆ. ತನ್ನ ಹೆಸರನ್ನೂ, ತಂದೆಗೆ ಕೊಟ್ಟದ್ದೆಂಬ ಮಾತನ್ನೂ ಆಕೆ ದಾರದಲ್ಲೇ ಬರೆದಿದ್ದಾಳೆ. ದಾಸೋಜನ ಸಹಿಗೆ ಸರಿಸಾಟಿಯಾದ ಸಹಿ ಅದು. ಇತ್ತೀಚಿನವರಲ್ಲಿ ಕೋಲ್ಕತ್ತದಲ್ಲಿ ಆಟೊರಿಕ್ಷಾ ಓಡಿಸುತ್ತಿದ್ದ ಬಾಪಿ ದಾಸ್ ಕಸೂತಿ ಹಿಡಿದು, ತಮ್ಮ ಪುಟ್ಟ ಪುಟ್ಟ ದಾರದ ಚಿತ್ರಗಳನ್ನು 2018ರ ಕೊಚ್ಚಿ ಬಿಯೆನಾಲೆಯಲ್ಲಿ ಕಲಾವಿದರ ಸಾಲಿನಲ್ಲೇ ಪ್ರದರ್ಶಿಸಿದರು.

ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಜೋಡಿಸಿ ಹೊಲಿದ ಹೊದಿಕೆ ಅದು. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಮಾಡಿದ ‘ಫೂಲ’ ಇರಲೇಬೇಕು; ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಲೆಕ್ಕ. ಆಫ್ರಿಕಾದ ಕಲೆಯ ವಿದ್ವಾಂಸರಾದ ಅಮೆರಿಕದ ಹೆನ್ರಿ ಡ್ರೂವಲ್ ಇದನ್ನು ಕಂಡು ಬೆರಗಾದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಹುಟ್ಟಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆ ಏರಿದವು. ‘ಸಿದ್ದಿ ಕಲೆ’ ಎಂಬ ಒಂದೇ ಚೀಟಿಯ ಬದಲು, ಒಂದೊಂದು ಕೌದಿಯನ್ನೂ ಹೊಲಿದಾಕೆಯ ಹೆಸರು, ಹಳ್ಳಿಯ ಹೆಸರಿನೊಡನೆ ಗುರುತಿಸುವ ಪದ್ಧತಿ ಅಲ್ಲಿ ಬೆಳೆಯಿತು. ಹೊದ್ದು ಮಲಗಲು ಹೊಲಿದದ್ದನ್ನು ಗೋಡೆಗೆ ತೂಗಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಹೆಸರು ಹಾಕಲು ಬರುತ್ತದೆ, ಮನಸ್ಸು ಬೇಕು ಎಂಬುದಂತೂ ಅದರಿಂದ ಗೊತ್ತಾಯಿತು.

ಧಾರವಾಡದ ಕಸೂತಿಯನ್ನು ಗೋಡೆಗೆ ಹಾಕುವುದರಲ್ಲಿ ಇನ್ನೊಂದು ತೊಡಕಿದೆ. ಚೌಕಟ್ಟು ಹಾಕುವವನು ಬಟ್ಟೆಯ ಬೆನ್ನನ್ನು ರಟ್ಟಿಗೆ ಬಿಗಿದು, ಮುಂದೆ ಗಾಜು ಕೂರಿಸುತ್ತಾನೆ. ನೋಡುಗನಿಗೆ ಕಾಣುವುದು ಒಂದು ಮುಖ. ಯಾವ ಮುಖಕ್ಕಾಗಿ ಎಳೆ ಎಣಿಸಿ, ಗಂಟಿಲ್ಲದೆ, ಹೋದ ದಾರಿಯಲ್ಲೇ ಮರಳಿ ಬಂದು ಹೊಲಿದಳೋ ಆ ಮುಖ ರಟ್ಟಿನ ಹಿಂದೆ ಸೇರುತ್ತದೆ. ಎರಡು ಗಾಜುಗಳ ನಡುವೆ ಬಟ್ಟೆಯನ್ನಿಟ್ಟು, ಗೋಡೆಯಿಂದ ದೂರ, ಜನ ಸುತ್ತಿ ಬರುವಂತೆ ನಿಲ್ಲಿಸಬಹುದು. ಖರ್ಚು ಸ್ವಲ್ಪ ಹೆಚ್ಚು.